ಇಂಗ್ಲಿಷರ ಚರ್ಚು, ಜರ್ಮನರ ಚರ್ಚು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಗಳಿಗೆ ಶಾಲೆಯಲ್ಲಿ ‘ನಮ್ಮೂರಿನ ಹಳೆಯ ಕಟ್ಟಡ’ ಎಂಬ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಅವಳು ಆಲ್ ಸೇಂಟ್ಸ್ ಚರ್ಚ್ ಆರಿಸಿಕೊಂಡಿದ್ದಾಳೆ. ನಮ್ಮ ಅತ್ತೆಯವರು ಅದು ಜರ್ಮನ್ ಪಾದ್ರಿಗಳದ್ದು ಅಂತಾರೆ, ನಮ್ಮ ಮನೆಯವರು ಬ್ರಿಟಿಷರದ್ದು ಅಂತಾರೆ. ಬೋರ್ಡಿನ ಮೇಲೆ ನೋಡಿದರೆ ಸಿ.ಎಸ್.ಐ. ಅಂತಿದೆ. ಯಾವುದು ಖರೆ?
(ಓದುಗರು, ಸಪ್ತಾಪುರ, ಧಾರವಾಡ)

ಉತ್ತರ: ಈ ಚರ್ಚಿನ ಮಟ್ಟಿಗೆ ನಿಮ್ಮ ಮನೆಯವರ ಮಾತು ಸರಿ. ಹಾಗಂತ ಅತ್ತೆಯವರ ಮಾತು ಸುಳ್ಳಲ್ಲ. ಅವರ ನೆನಪಿನಲ್ಲಿರುವುದು ಊರಿನ ಇನ್ನೊಂದು ಚರ್ಚು.

1818ರಲ್ಲಿ ಪೇಶ್ವೆಯವರ ಆಳ್ವಿಕೆ ಮುಗಿದು ಧಾರವಾಡ ಕಂಪನಿ ಸರ್ಕಾರದ ಕೈಗೆ ಬಂತು. ಕಲೆಕ್ಟರ್, ಜಡ್ಜ್, ದಂಡಿನ ಅಧಿಕಾರಿಗಳು ಬಂದರು. ಆಮೇಲೆ ಸದರ್ನ್ ಮರಾಠಾ ರೇಲ್ವೆಯ ಸಾಹೇಬರೂ ಬಂದರು. ಈಗಿನ ಕರ್ನಾಟಕ ಕಾಲೇಜಿನ ಕಟ್ಟಡವೇ ಅವರ ದೊಡ್ಡ ಆಫೀಸು. ಇವರಲ್ಲಿ ಬಹಳ ಮಂದಿ ಚರ್ಚ್ ಆಫ್ ಇಂಗ್ಲೆಂಡಿಗೆ, ಅಂದರೆ ಆಂಗ್ಲಿಕನ್ ಸಭೆಗೆ ಸೇರಿದವರು. ಇವರ ಪಾದ್ರಿಗೆ ಚಾಪ್ಲಿನ್ ಎನ್ನುತ್ತಿದ್ದರು, ಅವರ ಪಗಾರ ಸರ್ಕಾರದ್ದು. ಆರಾಧನೆ ಇಂಗ್ಲಿಷಿನಲ್ಲಿ, 1662ರ ಪ್ರಾರ್ಥನಾ ಪುಸ್ತಕದ ಪ್ರಕಾರ. ಮೇಲಿನವರು ಮುಂಬಯಿಯ ಬಿಷಪ್ಪರು. ಆ ಬಿಷಪ್ ಪೀಠ ಸ್ಥಾಪನೆಯಾದದ್ದು 1837ರಲ್ಲಿ.

ಅದೇ 1837ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಮಂಗಳೂರಿನಿಂದ ಘಟ್ಟ ಹತ್ತಿ ಧಾರವಾಡಕ್ಕೆ ಬಂದರು. 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಬೆಟಗೇರಿಯಲ್ಲಿ ನೆಲೆ ಮಾಡಿದರು. ಇವರು ಜರ್ಮನರು, ಸ್ವಿಸ್ಸರು, ಸರ್ಕಾರದ ನೌಕರರಲ್ಲ. ಸಾಹೇಬರ ಚರ್ಚಿನಲ್ಲಿ ಇಂಗ್ಲಿಷ್ ನಡೆದಿದ್ದಾಗ ಇವರು ಕನ್ನಡದಲ್ಲಿ ಹಾಡಿದರು, ಕನ್ನಡದಲ್ಲಿ ಪ್ರಾರ್ಥಿಸಿದರು. ನಿಮ್ಮ ಅತ್ತೆಯವರ ‘ಜರ್ಮನ್ ಪಾದ್ರಿ’ ಅಂದರೆ ಇವರೇ.

ಹೆಸರಿನ ಮೇಲೇ ಗುರುತು ಹಿಡಿಯಬಹುದು ಎಂದು ಮಗಳಿಗೆ ಹೇಳಿಕೊಡಿ. ಆಂಗ್ಲಿಕನ್ನರು ಚರ್ಚಿಗೆ ಸಂತರ ಹೆಸರಿಡುತ್ತಾರೆ: ಸೇಂಟ್ ಜಾನ್, ಸೇಂಟ್ ಪೀಟರ್, ಆಲ್ ಸೇಂಟ್ಸ್. ಬಾಸೆಲ್ ಮಿಷನ್ ಕಡೆಯ ಚರ್ಚುಗಳಿಗೆ ದುಡಿದ ಮಿಷನರಿಯ ಹೆಸರು: ಧಾರವಾಡದ ಹೆಬಿಕ್ ಮೆಮೋರಿಯಲ್, ಹುಬ್ಬಳ್ಳಿಯ ಮೇಯರ್ ಮೆಮೋರಿಯಲ್. ಈ ಎರಡೂ ಹೊಳೆ ಕೊನೆಗೆ ಕೂಡಿದವು. ಸ್ವಾತಂತ್ರ್ಯ ಬಂದು ಆರೇ ವಾರಕ್ಕೆ, 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಆಂಗ್ಲಿಕನ್, ಮೆಥೋಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು ಸೇರಿ ದಕ್ಷಿಣ ಇಂಡಿಯಾ ಸಭೆ, ಅಂದರೆ ಸಿ.ಎಸ್.ಐ. ಆದವು. ನಮ್ಮ ಕಡೆಯ ಬಾಸೆಲ್ ಸಭೆಗಳು ಇದಕ್ಕೆ ಸೇರಿದ್ದು ಆಮೇಲೆ. 1970ರಲ್ಲಿ ಧಾರವಾಡವನ್ನು ಕೇಂದ್ರ ಮಾಡಿಕೊಂಡು ಕರ್ನಾಟಕ ಉತ್ತರ ಸಭಾಪ್ರಾಂತ, ಅಂದರೆ ಒಬ್ಬ ಬಿಷಪ್ಪರ ಕೈಕೆಳಗಿನ ಸೀಮೆ, ಆಯಿತು. ಹಾಗಾಗಿ ಬೋರ್ಡೂ ಖರೆಯೇ.

ಪ್ರಾಜೆಕ್ಟಿನಲ್ಲಿ ಕಮಾನು, ಕಿಟಕಿಗಳ ಚಿತ್ರ ಬರೆಯಲಿ. ಜೊತೆಗೆ ಮೊದಲು ಯಾವ ಭಾಷೆಯಲ್ಲಿ ಪ್ರಾರ್ಥನೆ ಆಗುತ್ತಿತ್ತು, ಈಗ ಯಾವುದರಲ್ಲಿ ಎಂದೂ ಬರೆಯಲಿ. ನನಗೆ ಇತಿಹಾಸ ಅಂದರೆ ಅದೇ.

ಪ್ರಶ್ನೆ: ನಮ್ಮ ಮುತ್ತಜ್ಜ ಹುಬ್ಬಳ್ಳಿ ರೇಲ್ವೆ ವರ್ಕ್‌ಶಾಪಿನಲ್ಲಿದ್ದರು. ಅಜ್ಜನ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಅಲ್ಲಿಯ ಚರ್ಚಿನಲ್ಲೇ ಆಯಿತಂತೆ. ಅದರ ತಾರೀಕು ಹುಡುಕುವುದು ಹೇಗೆ?
(ಓದುಗರು, ಹಾವೇರಿ)

ಉತ್ತರ: ಮೊದಲು ಆ ಚರ್ಚಿನ ಸಭಾಪಾಲಕರನ್ನು, ಅಂದರೆ ಪಾದ್ರಿಯನ್ನು, ಕಾಣಿರಿ. ಭಾನುವಾರ ಬೇಡ, ಅವತ್ತು ಅವರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಅಜ್ಜನ ಹೆಸರು, ಅವರ ತಂದೆಯ ಹೆಸರು, ಸುಮಾರು ಇಸವಿ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಹಳೆಯ ರಜಿಸ್ಟರಿನಲ್ಲಿ ವರ್ಣಮಾಲೆಯ ಪಟ್ಟಿ ಸಿಗುವುದು ಅಪರೂಪ. ಪುಟ ಪುಟ ಓದಬೇಕು. ಅದು ಆಂಗ್ಲಿಕನ್ ಚರ್ಚಾಗಿದ್ದರೆ ಇನ್ನೊಂದು ದಾರಿಯಿದೆ. ದೀಕ್ಷಾಸ್ನಾನ, ಮದುವೆ, ಮಣ್ಣು, ಈ ಮೂರರ ನಕಲನ್ನೂ ಬಿಷಪ್ಪರ ಕಚೇರಿಯ ಮೂಲಕ ಲಂಡನ್ನಿಗೆ ಕಳಿಸುವ ಪದ್ಧತಿಯಿತ್ತು. ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಇಲ್ಲಿಯ ಪುಸ್ತಕ ಗೆದ್ದಲು ಹಿಡಿದಿದ್ದರೂ ಆಸೆ ಬಿಡಬೇಡಿ. ಬಾಸೆಲ್ ಸಭೆಯಾಗಿದ್ದರೆ ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ವಿಚಾರಿಸಿ.

ಒಂದು ಮಾತು ಹೇಳದೆ ಇರಲಾರೆ. ನಾನು ಆರು ವರ್ಷ ನಮ್ಮ ಸಭೆಯ ಕಾರ್ಯದರ್ಶಿಯಾಗಿದ್ದೆ. ಮೊದಲ ವರ್ಷ ದೀಕ್ಷಾಸ್ನಾನದ ಹಳೆಯ ರಜಿಸ್ಟರನ್ನು ಬೈಂಡಿಂಗಿಗೆ ಕೊಟ್ಟೆವು. ಅದು ಹೊಲಿಗೆ ಬಿಚ್ಚಿ ಹಾಳೆ ಉದುರುತ್ತಿತ್ತು. ಬೈಂಡರು ಅಂಚು ಸಮ ಮಾಡಲೆಂದು ಮೂರು ಬದಿಯೂ ಕತ್ತರಿಸಿಬಿಟ್ಟರು. ಬಲಗಡೆಯ ಕೊನೆಯ ಮನೆಯಲ್ಲಿ ಕೂಸಿಗೆ ಸಾಕ್ಷಿ ನಿಂತವರ ಹೆಸರುಗಳಿದ್ದವು. ಒಂದು ಸಾಲಿನಲ್ಲಿ ನಮ್ಮ ಅಜ್ಜಿಯ ಹೆಸರಿದೆ ಎಂದು ಅವ್ವ ಹೇಳುತ್ತಿದ್ದಳು. ಈಗ ಅಲ್ಲಿ ಉಳಿದಿರುವುದು ಎರಡು ಅಕ್ಷರ, ಮಾಸಿದ ಕಂದು ಶಾಯಿಯಲ್ಲಿ. ಕೊಡುವಾಗ ‘ಅಂಚು ಮುಟ್ಟಬೇಡಿ’ ಎಂದು ನಾನು ಹೇಳಬೇಕಿತ್ತು, ಹೇಳಲಿಲ್ಲ. ನಿಮಗೆ ಆ ಪುಟ ಸಿಕ್ಕರೆ ಅಂಚಿನವರೆಗೂ ಫೋಟೋ ತೆಗೆದುಕೊಳ್ಳಿ, ಒಂದು ಪ್ರತಿ ಸಭೆಗೂ ಕೊಡಿ.

ಪ್ರಶ್ನೆ: ಸಭೆಯ ‘ಮಿಷನ್’ ಅಂದರೆ ಜನರನ್ನು ಮತಕ್ಕೆ ಸೇರಿಸುವುದೋ, ಸಾಲಿ-ದವಾಖಾನಿ ನಡೆಸುವುದೋ?
(ಓದುಗರು, ಬೆಟಗೇರಿ)

ಉತ್ತರ: ನಿಮ್ಮೂರಿನ ಜರ್ಮನ್ ದವಾಖಾನಿಯಲ್ಲೇ ಹುಟ್ಟಿದವಳು ನಾನು, ಮೂವತ್ತು ವರ್ಷ ಮಿಷನ್ ಸಾಲಿಯಲ್ಲಿ ಕನ್ನಡ ಕಲಿಸಿದವಳು. ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಮಿಷನರಿಗಳು ಬಂದದ್ದು ಸುವಾರ್ತೆ ಸಾರುವುದಕ್ಕೆ, ಅದನ್ನು ಅವರೇ ಬಹಿರಂಗವಾಗಿ ಹೇಳಿಕೊಂಡರು. ಆದರೆ ಬಂದವರು ಇಲ್ಲಿಂದ ಕಲಿತರು ಕೂಡ. 1853ರಲ್ಲಿ ಬಂದ ಕಿಟೆಲ್ ನಮ್ಮ ಧಾರವಾಡ-ಹುಬ್ಬಳ್ಳಿ ಕಡೆ ಜನರ ಬಾಯಿಂದ ಕನ್ನಡ ಕಲಿತರು. 1894ರಲ್ಲಿ ಹೊರಬಂದ ಅವರ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ, ನಮ್ಮ ಗಾದೆಗಳೂ ಇವೆ. ನಾನು ತರಗತಿಗೆ ಹೋಗುವ ಮುಂಚೆ ಎಷ್ಟು ಸಲ ಅದನ್ನು ತೆರೆದೆನೋ ಲೆಕ್ಕವಿಲ್ಲ.

ಆಂಗ್ಲಿಕನ್ನರ ಒಂದು ಶಬ್ದ ನನಗೆ ಬಹಳ ಹಿಡಿಸುತ್ತದೆ: ಪ್ಯಾರಿಷ್. ನಾವೀಗ ಅದನ್ನು ‘ಚರ್ಚಿನ ಸದಸ್ಯರು’ ಎಂಬಷ್ಟಕ್ಕೆ ಇಳಿಸಿದ್ದೇವೆ. ಇಂಗ್ಲೆಂಡಿನಲ್ಲಿ ಅದಕ್ಕೆ ಗಡಿಯಿರುವ ಒಂದು ಸೀಮೆ ಎಂದರ್ಥ. ಆ ಸೀಮೆಯೊಳಗಿನ ಪ್ರತಿ ಮನೆಯೂ ಪಾದ್ರಿಯ ಹೊಣೆ, ಆ ಮನೆಯವರು ಚರ್ಚಿಗೆ ಬರಲಿ ಬಿಡಲಿ. ನಾನು ಸಣ್ಣವಳಿದ್ದಾಗ ನಮ್ಮ ಸಭಾಪಾಲಕರ ಅಂಗಿಯ ಕಿಸೆಯಲ್ಲಿ ಒಂದು ಪುಟ್ಟ ನೋಟುಬುಕ್ಕಿತ್ತು. ಅದರಲ್ಲಿ ಓಣಿಗಳ ಹೆಸರು, ಕೆಳಗೆ ಕಾಯಿಲೆಯವರ ಹೆಸರು. ಮಗ್ಗದವರ ಓಣಿಯಲ್ಲಿ ಬಾಣಂತಿಯೊಬ್ಬಳು ಜ್ವರ ಹತ್ತಿ ಮಲಗಿದ್ದಳು. ಅವರದು ಲಿಂಗಾಯತರ ಮನೆ. ಇವರು ದಿನಾ ಸಂಜೆ ಹೋಗಿ ಕಟ್ಟೆಯ ಮೇಲೆ ಕೂತು, ‘ಹೆಂಗದಾಳವ್ವಾ ಮಗಳು?’ ಎಂದು ಅತ್ತೆಯನ್ನು ಕೇಳಿ, ಬೇಕಾದರೆ ದವಾಖಾನಿಗೆ ಚೀಟಿ ಬರೆದುಕೊಟ್ಟು ಎದ್ದು ಬರುತ್ತಿದ್ದರು. ಕೇಳದೆ ಪ್ರಾರ್ಥನೆ ಮಾಡುತ್ತಿರಲಿಲ್ಲ. ಮಿಷನ್ ಅಂದಾಗ ನನ್ನ ಕಣ್ಣ ಮುಂದೆ ಬರುವುದು ಆ ನೋಟುಬುಕ್ಕು. ಇವತ್ತು ನಮ್ಮ ಸಭೆಗಳಲ್ಲಿ ಅಂಥ ನೋಟುಬುಕ್ಕು ಎಷ್ಟು ಜನರ ಕಿಸೆಯಲ್ಲಿದೆ ಎಂದು ನಮ್ಮವರನ್ನೇ ಕೇಳುತ್ತಿದ್ದೇನೆ.

ಪ್ರಶ್ನೆ: ನಾವು ಕ್ರೈಸ್ತರಲ್ಲ. ಕ್ರಿಸ್‌ಮಸ್ ದಿನ ಆರಾಧನೆಗೆ ಒಳಗೆ ಬಂದು ಕೂರಬಹುದೇ?
(ಓದುಗರು, ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಧಾರಾಳವಾಗಿ ಬನ್ನಿ. ಚಪ್ಪಲಿಯ ವಿಷಯದಲ್ಲಿ ಬಾಗಿಲಲ್ಲಿ ಉಳಿದವರು ಮಾಡಿದ ಹಾಗೆ ಮಾಡಿ. ರೊಟ್ಟಿ, ದ್ರಾಕ್ಷಾರಸ ಕೊಡುವಾಗ ಕೂತಲ್ಲೇ ಕೂತಿರಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಅದಕ್ಕೂ ಮೊದಲು ಸಮಾಧಾನ ಹಂಚುವುದು ಎಂದಿದೆ. ಸಿ.ಎಸ್.ಐ. 1950ರಲ್ಲಿ ತಂದ ಆರಾಧನಾ ಕ್ರಮದಲ್ಲಿ ಇದನ್ನು ಸೇರಿಸಿತು. ಹೊರದೇಶಗಳ ಚರ್ಚುಗಳೂ ಇದನ್ನು ನೋಡಿ ಕಲಿತವು. ಪಕ್ಕದವರು ನಿಮ್ಮ ಕಡೆ ಕೈ ಚಾಚುತ್ತಾರೆ. ಅವರು ಮಾಡಿದ ಹಾಗೆ ನೀವೂ ಕೈ ಕೂಡಿಸಿ, ಆಮೇಲೆ ನಿಮ್ಮ ಆಚೆ ಬದಿಯವರಿಗೆ ಹಾಗೆಯೇ ದಾಟಿಸಿ. ಹಿಂದಿನ ಬೆಂಚಿಗೆ ಅದು ಬಂದು ಮುಟ್ಟುವುದು ಸ್ವಲ್ಪ ತಡ. ಎದ್ದು ಹೋಗಬೇಡಿ, ಬರುತ್ತದೆ.