ಡ್ರಾಫ್ಟ್ ಬಂದೀತೋ ಇಲ್ಲವೋ, ಮಗನ ಹೆಸರನ್ನು ಈಗಲೇ ನೋಂದಾಯಿಸಿ

ನಮ್ಮ ಮನೆಯಲ್ಲೂ ಎದ್ದಿದ್ದ ಪ್ರಶ್ನೆ ಇದು. ಗ್ರೀನ್ ಕಾರ್ಡ್ ಇರುವ ಮಗನಿಗೆ 18 ತುಂಬುತ್ತಿದೆ, ಎಲ್ಲಿ ನೋಡಿದರೂ ಯುದ್ಧದ ಸುದ್ದಿ, ಅಮೆರಿಕದಲ್ಲಿ ಡ್ರಾಫ್ಟ್ (ಸೇನೆಗೆ ಕಡ್ಡಾಯ ಭರ್ತಿ) ಮತ್ತೆ ಬಂದರೆ ಏನು ಗತಿ, ಅದಕ್ಕಾಗಿ ಗಂಡಸರ ಹೆಸರು ನೋಂದಾಯಿಸಿಕೊಳ್ಳುವ ಸರ್ಕಾರಿ ಸಂಸ್ಥೆ ಸೆಲೆಕ್ಟಿವ್ ಸರ್ವಿಸ್‌ಗೆ ಹೆಸರು ಕೊಡುವುದನ್ನು ಸ್ವಲ್ಪ ಮುಂದೂಡಿದರೆ ಪಾರಾಗಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಮುಂದೂಡಬೇಡಿ. ಹೆಸರು ಕೊಟ್ಟ ಮಾತ್ರಕ್ಕೆ ಯಾರೂ ಸೈನ್ಯಕ್ಕೆ ಸೇರುವುದಿಲ್ಲ. ಹೆಸರು ಕೊಡದೆ 26 ದಾಟಿದರೆ ಮಾತ್ರ ಪೌರತ್ವಕ್ಕೇ ತೊಡಕು.

ನಮ್ಮವರು ಎಡವುವುದು ಇಲ್ಲೇ. ಮಗು ಹತ್ತು ಹನ್ನೆರಡು ವರ್ಷದವನಿದ್ದಾಗ ಅಪ್ಪನ ಎಚ್-1ಬಿ ಉದ್ಯೋಗ ವೀಸಾ ಮೂಲಕ ಇಡೀ ಸಂಸಾರಕ್ಕೆ ಗ್ರೀನ್ ಕಾರ್ಡ್ ಬರುತ್ತದೆ. 18ರಿಂದ 25ರೊಳಗಿನ ಗಂಡಸರು ಗ್ರೀನ್ ಕಾರ್ಡಿಗಾಗಿ ಐ-485 ಅರ್ಜಿ ಹಾಕಿದರೆ ವಲಸೆ ಇಲಾಖೆಯೇ ಅವರ ವಿವರವನ್ನು ಸೆಲೆಕ್ಟಿವ್ ಸರ್ವಿಸ್‌ಗೆ ಕಳಿಸುತ್ತದೆ ಎಂದು ಅಪ್ಪ ಎಲ್ಲೋ ಕೇಳಿರುತ್ತಾರೆ, ನಮ್ಮದೂ ಆಗಿದೆ ಅಂದುಕೊಳ್ಳುತ್ತಾರೆ. ಆದರೆ ಹನ್ನೆರಡರ ಹುಡುಗನ ಅರ್ಜಿಗೆ ಅದು ಅನ್ವಯಿಸುವುದಿಲ್ಲ. ಎಷ್ಟೋ ರಾಜ್ಯಗಳಲ್ಲಿ ಡ್ರೈವಿಂಗ್ ಲೈಸೆನ್ಸ್ ಅರ್ಜಿಯ ಜೊತೆಗೇ ನೋಂದಣಿ ಆಗುತ್ತದೆ, ಅದೂ ಎಲ್ಲ ಕಡೆ ಒಂದೇ ರೀತಿ ಇಲ್ಲ. ಹೀಗೆ ಯಾರೋ ಮಾಡಿರುತ್ತಾರೆ ಎಂಬ ನಂಬಿಕೆಯಲ್ಲೇ ಹುಡುಗ ಕಾಲೇಜು ಮುಗಿಸಿ, ಕೆಲಸ ಹಿಡಿದು, 26ನೇ ಹುಟ್ಟುಹಬ್ಬ ದಾಟುತ್ತಾನೆ. ಆ ದಿನದ ನಂತರ ನೋಂದಣಿಯ ಬಾಗಿಲು ಮುಚ್ಚಿತು. ತಡವಾದರೂ ಸ್ವೀಕರಿಸುವುದು ಅಲ್ಲಿಯವರೆಗೆ ಮಾತ್ರ.

ಎರಡನೆಯ ಬಗೆಯೂ ಇದೆ. ಎಚ್-4 ಎಂಬ ಅವಲಂಬಿತರ ವೀಸಾದಲ್ಲಿದ್ದ ಹುಡುಗ 21ಕ್ಕೆ ಅವಲಂಬಿತನ ವಯಸ್ಸು ಮೀರಿ ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಗುತ್ತಾನೆ. ಈ ವೀಸಾಗಳು ಊರ್ಜಿತವಾಗಿರುವಷ್ಟು ದಿನ ನೋಂದಣಿ ಬೇಕಿಲ್ಲ. ಆದರೆ 24ಕ್ಕೆ ಗ್ರೀನ್ ಕಾರ್ಡ್ ಬಂದರೆ ಆಗ ಹೊಣೆ ಹುಟ್ಟುತ್ತದೆ. ನಡುವೆ ವೀಸಾ ಸ್ಥಿತಿ ತಪ್ಪಿ ಕೆಲವು ತಿಂಗಳು ಕಳೆದಿದ್ದರೂ ಹೊಣೆ ಹುಟ್ಟುತ್ತದೆ. ಇದು ಹದಿನೆಂಟರ ಹುಡುಗರ ವಿಷಯ, ನನಗಲ್ಲ ಎಂದು ಅವನು ಬಿಟ್ಟುಬಿಡುತ್ತಾನೆ.

ಇದರ ಬಿಸಿ ತಟ್ಟುವುದು ಪೌರತ್ವದ ಎನ್-400 ಅರ್ಜಿ ತುಂಬುವಾಗ. 18ರಿಂದ 26ರ ನಡುವೆ ಅಮೆರಿಕದಲ್ಲಿ ವಾಸವಿದ್ದಿರಾ, ನೋಂದಾಯಿಸಿದ್ದು ಯಾವಾಗ, ಸಂಖ್ಯೆ ಎಷ್ಟು ಎಂದು ಅದರಲ್ಲೇ ಕೇಳುತ್ತಾರೆ. ಅರ್ಜಿದಾರ ಇನ್ನೂ 26 ಆಗದವನಾದರೆ ನೋಂದಾಯಿಸಿಕೊಂಡು ಸರಿಪಡಿಸಬಹುದು. 26ರಿಂದ 31ರ ನಡುವಿನವನಾದರೆ, ಬೇಕೆಂದೇ ತಪ್ಪಿಸಿಕೊಂಡದ್ದಲ್ಲ ಎಂದು ಸಾಬೀತು ಮಾಡುವ ಭಾರ ಅವನ ಮೇಲೆ. ಅದಕ್ಕೆ ಸೆಲೆಕ್ಟಿವ್ ಸರ್ವಿಸ್‌ನಿಂದ ಸ್ಟೇಟಸ್ ಇನ್ಫರ್ಮೇಶನ್ ಲೆಟರ್ (ನೋಂದಣಿ ಬೇಕಿತ್ತೇ ಎಂದು ತಿಳಿಸುವ ಪತ್ರ) ತರಿಸಬೇಕು, ಯಾಕೆ ಗೊತ್ತಿರಲಿಲ್ಲ ಎಂದು ಪ್ರಮಾಣಪೂರ್ವಕ ಹೇಳಿಕೆ ಬರೆದುಕೊಡಬೇಕು, ಹಳೆಯ ಐ-20 (ಕಾಲೇಜು ಕೊಡುವ ವಿದ್ಯಾರ್ಥಿ ಪತ್ರ), ಐ-94 (ದೇಶ ಪ್ರವೇಶದ ದಾಖಲೆ), ವೀಸಾ ಪ್ರತಿಗಳನ್ನು ಜೋಡಿಸಬೇಕು. 31 ದಾಟಿದರೆ ಸಾಮಾನ್ಯವಾಗಿ ಇದು ಅಡ್ಡಿಯಾಗುವುದಿಲ್ಲ, ಯಾಕೆಂದರೆ ನಡತೆ ಪರಿಶೀಲಿಸುವ ಐದು ವರ್ಷದ ಅವಧಿಯಿಂದ ಆ ಲೋಪ ಆಚೆ ಹೋಗಿರುತ್ತದೆ. ಆದರೆ ಐದು ವರ್ಷ ಕಾಯುವುದು ಸಣ್ಣ ಮಾತಲ್ಲ. ಅಮೆರಿಕದ ಕೇಂದ್ರ ಸರ್ಕಾರದ ಬಹಳಷ್ಟು ಕೆಲಸಗಳಿಗೂ ನೋಂದಣಿ ಬೇಕು. ಕಾನೂನಿನ ಪುಸ್ತಕದಲ್ಲಿ 5 ವರ್ಷದವರೆಗೆ ಜೈಲು, 2,50,000 ಡಾಲರ್‌ವರೆಗೆ ದಂಡ ಇದೆ, 1980ರ ದಶಕದ ನಂತರ ಯಾರ ಮೇಲೂ ಮೊಕದ್ದಮೆ ಹೂಡಿಲ್ಲ. ನಮ್ಮಂಥವರಿಗೆ ನಿಜವಾದ ಶಿಕ್ಷೆ ಎನ್-400ರಲ್ಲೇ.

ಇನ್ನು ಡ್ರಾಫ್ಟ್ ಬಂದೀತೇ? ಅಧ್ಯಕ್ಷರ ಒಂದು ಸಹಿಯಿಂದ ಬರುವುದಿಲ್ಲ. ಜನರನ್ನು ಕಡ್ಡಾಯವಾಗಿ ಸೇರಿಸಿಕೊಳ್ಳುವ ಅಧಿಕಾರ 1973ರಲ್ಲೇ ಮುಗಿದಿದೆ. ಅದನ್ನು ಮತ್ತೆ ಜೀವಂತಗೊಳಿಸಲು ಅಮೆರಿಕದ ಕಾಂಗ್ರೆಸ್ಸು ಹೊಸದಾಗಿ ಕಾನೂನು ಮಾಡಬೇಕು. ಈಗಿರುವುದು ಬರೀ ನೋಂದಣಿ. ಅದೂ 1975ರಲ್ಲಿ ನಿಂತಿತ್ತು, ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿದ ಮೇಲೆ 1980ರಲ್ಲಿ ಕಾರ್ಟರ್ ಮತ್ತೆ ಶುರುಮಾಡಿದರು. ಇರಾಕ್, ಅಫ್ಘಾನಿಸ್ತಾನ ಎರಡೂ ಯುದ್ಧ ಏಕಕಾಲಕ್ಕೆ ನಡೆಯುತ್ತಿದ್ದ 2004ರಲ್ಲಿ ಡ್ರಾಫ್ಟ್ ಮಸೂದೆ ಕೆಳಮನೆಯ ಮುಂದೆ ಬಂದಾಗ ಪರವಾಗಿ ಬಿದ್ದದ್ದು 2 ಮತ, ವಿರುದ್ಧ 402. ಜನ ಸಾಲದೆ ಹೋದಾಗ ಸೇನೆ ಮಾಡಿದ್ದೇ ಬೇರೆ: ನ್ಯಾಷನಲ್ ಗಾರ್ಡ್ ಮತ್ತು ಮೀಸಲು ಪಡೆಗಳನ್ನು ಕರೆಸಿತು, ಅವಧಿ ಮುಗಿದವರನ್ನು ಬಿಡದೆ ಹಿಡಿದಿಟ್ಟುಕೊಂಡಿತು. ಇಂದು ಅಲ್ಲಿನ ಸೈನಿಕ ಸಹಿ ಹಾಕುವಾಗಲೇ ಒಟ್ಟು ಎಂಟು ವರ್ಷದ ಬದ್ಧತೆಗೆ ಸಹಿ ಹಾಕಿರುತ್ತಾನೆ. ಮೊದಲು ಕರೆ ಹೋಗುವುದು ಅವರಿಗೆ. ತರಬೇತಿಯೇ ಇಲ್ಲದ ಹುಡುಗರನ್ನು ಬೇಕಿಲ್ಲದಿದ್ದರೂ ಎಳೆದುತಂದು ಪಳಗಿಸುವುದು ಯಾವ ಸೇನಾಧಿಕಾರಿಗೂ ಇಷ್ಟದ ಕೆಲಸವಲ್ಲ. ಹಾಗಾಗಿ ದೊಡ್ಡ ದೇಶದ ಜೊತೆ ದೀರ್ಘ ಯುದ್ಧ ನಡೆದು ಈ ಮೂಲಗಳೆಲ್ಲ ಬತ್ತುವವರೆಗೆ ಡ್ರಾಫ್ಟ್ ಬರುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಬಂದೇ ಬಂದರೆ ಕ್ರಮ ಹೀಗಿದೆ. ಹುಟ್ಟಿದ ದಿನಾಂಕಗಳ ಲಾಟರಿ ಎತ್ತುತ್ತಾರೆ. ಆ ವರ್ಷ 20 ತುಂಬುವವರದು ಮೊದಲ ಸರದಿ, ಆಮೇಲೆ 21ರಿಂದ 25, ಕೊನೆಗೆ 19 ಮತ್ತು ಹದಿನೆಂಟೂವರೆ ದಾಟಿದವರು. ಅಂದರೆ ಈಗಷ್ಟೇ 18 ತುಂಬುವ ನಿಮ್ಮ ಮಗ ಸಾಲಿನ ತುದಿಯಲ್ಲಿದ್ದಾನೆ. ಈಗ ದಿನಾಂಕಕ್ಕೊಂದು, ಸಂಖ್ಯೆಗೊಂದು ಎಂದು ಎರಡು ಡ್ರಮ್ ಬಳಸುವ ವ್ಯವಸ್ಥೆ ಇದೆ. ಕಾರಣ 1969ರ ಡಿಸೆಂಬರ್ 1ರ ಲಾಟರಿ. 366 ಪ್ಲಾಸ್ಟಿಕ್ ಗುಳಿಗೆಗಳನ್ನು ತಿಂಗಳವಾರು ಸುರಿದು ಸರಿಯಾಗಿ ಕಲಸಲಿಲ್ಲ, ವರ್ಷದ ಕೊನೆಯ ತಿಂಗಳುಗಳಲ್ಲಿ ಹುಟ್ಟಿದವರಿಗೆ ಸಣ್ಣ ಸಂಖ್ಯೆಗಳೇ ಹೆಚ್ಚಾಗಿ ಬಿದ್ದವು. ಸಣ್ಣ ಸಂಖ್ಯೆ ಎಂದರೆ ಮೊದಲು ಹೋಗುವವರು. ಆ ಲಾಟರಿಯಲ್ಲಿ 195ರವರೆಗೆ ಕರೆ ಹೋಯಿತು.

ವಿನಾಯಿತಿಗಳ ಬಗ್ಗೆ ನಮ್ಮವರ ಬಾಯಲ್ಲಿ ಓಡಾಡುವ ಮೂರು ಮಾತುಗಳನ್ನು ನಂಬಬೇಡಿ. ಒಬ್ಬನೇ ಮಗ ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ. ಅಪ್ಪ, ಅಮ್ಮ ಅಥವಾ ಒಡಹುಟ್ಟಿದವರು ಸೇನಾ ಸೇವೆಯಿಂದಾಗಿ ಸತ್ತಿದ್ದರೆ ಮಾತ್ರ ಅಂಥದೊಂದು ರಿಯಾಯಿತಿ, ಕಾಂಗ್ರೆಸ್ಸೇ ಯುದ್ಧ ಘೋಷಿಸಿದರೆ ಅದೂ ಸಿಗದು. ಕಾಲೇಜು ಓದುತ್ತಿದ್ದಾನೆ ಎಂದರೆ ಆ ಸೆಮಿಸ್ಟರ್ ಮುಗಿಯುವವರೆಗೆ ಮಾತ್ರ ಕಾಲಾವಕಾಶ, ಕೊನೆಯ ವರ್ಷದವರಿಗೆ ಆ ಶೈಕ್ಷಣಿಕ ವರ್ಷ ಮುಗಿಯುವವರೆಗೆ. ವಿಯೆಟ್ನಾಂ ಕಾಲದಲ್ಲಿ ಪದವಿಯ ಉದ್ದಕ್ಕೂ ತಪ್ಪಿಸಿಕೊಳ್ಳುತ್ತಿದ್ದ ದಾರಿ ಈಗ ಇಲ್ಲ. ಮೂರನೆಯದು ಎಲ್ಲಕ್ಕಿಂತ ಅಪಾಯಕಾರಿ: ನಾನು ವಿದೇಶಿ, ನನ್ನನ್ನು ಬಿಟ್ಟುಬಿಡಿ ಎಂದು ಕೇಳಿ ಬಿಡುಗಡೆ ಪಡೆದವನಿಗೆ ಅಮೆರಿಕದ ಪೌರತ್ವ ಶಾಶ್ವತವಾಗಿ ತಪ್ಪಬಹುದು.

ಅಹಿಂಸೆಯನ್ನು ಮನಸಾರೆ ನಂಬಿದ ಹುಡುಗನಾದರೆ, ಜೈನ ಮನೆತನದವನಿರಲಿ, ದೇವರನ್ನೇ ನಂಬದವನಿರಲಿ, ಶಸ್ತ್ರ ಹಿಡಿಯದಿರಲು ದಾರಿ ಇದೆ. ದೇವರ ನಂಬಿಕೆ ಕಡ್ಡಾಯವಲ್ಲ ಎಂಬುದು ಅಮೆರಿಕದ ಸುಪ್ರೀಂ ಕೋರ್ಟಿನ 1965ರ ಸೀಗರ್ ಮತ್ತು 1970ರ ವೆಲ್ಶ್ ತೀರ್ಪುಗಳಿಂದ ಗಟ್ಟಿಯಾಗಿದೆ. ಆದರೆ ಎಲ್ಲ ಯುದ್ಧವನ್ನೂ ವಿರೋಧಿಸಬೇಕು. ಈ ಒಂದು ಯುದ್ಧ ಅನ್ಯಾಯದ್ದು ಎಂದರೆ ಸಾಲದು ಎಂದು 1971ರ ಜಿಲೆಟ್ ತೀರ್ಪು ಹೇಳಿದೆ. ನೋಂದಣಿ ಫಾರಂನಲ್ಲಿ ಇದಕ್ಕೆ ಜಾಗವಿಲ್ಲ, ಕರೆ ಬಂದ ಮೇಲೆ ಸ್ಥಳೀಯ ಮಂಡಳಿಯ ಮುಂದೆ ಹೇಳಬೇಕು. ಆಗ ಹಳೆಯ ಬರಹ, ಗುರುಗಳ ಪತ್ರ, ಮಾಡಿದ ಸೇವೆಯ ದಾಖಲೆ ನೆರವಾಗುತ್ತವೆ. ಹಾಗಾಗಿ ಈಗಿನಿಂದಲೇ ತಾರೀಕು ಹಾಕಿ ಬರೆದಿಡಲಿ.

ಮಗ ಅಮೆರಿಕದಲ್ಲಿ ಹುಟ್ಟಿ ಈಗ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಓದುತ್ತಿದ್ದರೆ, ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ ಅವನು ಅಮೆರಿಕದ ಪ್ರಜೆ, ಅವನೂ ನೋಂದಾಯಿಸಬೇಕು. ವಿದೇಶದ ವಿಳಾಸ ಕೊಟ್ಟೇ ಮಾಡಬಹುದು.

18 ತುಂಬಿದ 30 ದಿನದೊಳಗೆ ಸೆಲೆಕ್ಟಿವ್ ಸರ್ವಿಸ್ ಜಾಲತಾಣದಲ್ಲಿ ಮಾಡಿ ಮುಗಿಸಿ, ಶುಲ್ಕವಿಲ್ಲ. 2025ರ ಡಿಸೆಂಬರ್‌ನಲ್ಲಿ ಸಹಿಯಾದ ರಕ್ಷಣಾ ಕಾಯಿದೆ ಸರ್ಕಾರಿ ದಾಖಲೆಗಳಿಂದಲೇ ಹೆಸರು ಸೇರಿಸುವ ವ್ಯವಸ್ಥೆ ತರಲು ಹೇಳಿದೆ. ಆದರೂ ನಂಬಿ ಕೂರಬೇಡಿ, ಕಣ್ಣಾರೆ ನೋಡಿ. ಅದೇ ತಾಣದಲ್ಲಿ ಕೊನೆಯ ಹೆಸರು, ಸೋಶಿಯಲ್ ಸೆಕ್ಯೂರಿಟಿ ಸಂಖ್ಯೆ, ಹುಟ್ಟಿದ ದಿನಾಂಕ ಹಾಕಿದರೆ ನೋಂದಣಿ ಇದೆಯೋ ಇಲ್ಲವೋ ತೋರಿಸುತ್ತದೆ. ನಮ್ಮ ಹೆಸರುಗಳು ಇಲ್ಲೇ ತೊಡಕು ಮಾಡುವುದು: ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗ ಖಾಲಿ, ಇನ್ನೊಂದರಲ್ಲಿ ಅಪ್ಪನ ಹೆಸರು, ಮತ್ತೊಂದರಲ್ಲಿ ‘ಮೊದಲ ಹೆಸರು ಗೊತ್ತಿಲ್ಲ’ ಎಂಬರ್ಥದ ಎಫ್‌ಎನ್‌ಯು. ಸೋಶಿಯಲ್ ಸೆಕ್ಯೂರಿಟಿ ಕಾರ್ಡಿನಲ್ಲಿ ಇರುವಂತೆಯೇ ಅಕ್ಷರ ತಪ್ಪದೆ ಹಾಕಿ. ದಾಖಲೆ ಸಿಕ್ಕಿದ ಮೇಲೆ ದೃಢೀಕರಣ ಪತ್ರ ಮುದ್ರಿಸಿ ಗ್ರೀನ್ ಕಾರ್ಡ್ ಕಡತದಲ್ಲೇ ಇಡಿ, ಮಗ ಹಾಸ್ಟೆಲ್ಲಿಗೋ ಬೇರೆ ಊರಿಗೋ ಹೋದರೆ 10 ದಿನದೊಳಗೆ ವಿಳಾಸ ಬದಲಿಸಲು ಹೇಳಿ.