ಕ್ಷಮಿಸಿದ ಮೇಲೆ ಲೆಕ್ಕದ ಪುಸ್ತಕವನ್ನೂ ಕೊಡಬೇಕೆ?

ನಿಮ್ಮ ಪ್ರಶ್ನೆ ಇಷ್ಟು: ಹೊಸನಗರದ ಕಡೆ ಇಬ್ಬರು ಸೇರಿ ಅಡಿಕೆ ತೋಟವನ್ನು ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಹಿಡಿದಿದ್ದಿರಿ. ಚರ್ಚಿನಲ್ಲಿ ನಿಮ್ಮ ಮಗನ ಜ್ಞಾನಸ್ನಾನವಾದ ದಿನ ಮಗುವನ್ನು ಎತ್ತಿಕೊಂಡು ನಿಂತವನೇ ಪಾಲುದಾರ. ಅವನೇ ಮಂಡಿಯಿಂದ ಬಂದ ಹಣದಲ್ಲಿ ಒಂದಷ್ಟನ್ನು ಮುಚ್ಚಿಟ್ಟ. ಈಗ ಪಾದ್ರಿಯ ಬಳಿ ಪಾಪನಿವೇದನೆ ಮಾಡಿ ಬಂದಿದ್ದಾನೆ, ನಿಮ್ಮ ಕ್ಷಮೆಯನ್ನೂ ಕೇಳಿದ್ದಾನೆ. ದೇವರೇ ಕ್ಷಮಿಸಿದ ಮೇಲೆ ಲೆಕ್ಕವನ್ನು ಮತ್ತೆ ತನ್ನ ಕೈಗೆ ಕೊಡದಿರುವುದು ಯಾವ ನ್ಯಾಯ ಎಂದು ಕೇಳುತ್ತಿದ್ದಾನೆ.

ಕ್ಷಮಿಸಿ. ಲೆಕ್ಕ ಕೊಡಬೇಡಿ, ಸದ್ಯಕ್ಕಂತೂ ಬೇಡ.

ನಾನು ಪಾದ್ರಿಯಲ್ಲ. ಶಿವಮೊಗ್ಗದ ಮಂಡಿಯೊಂದರಲ್ಲಿ ಗುಮಾಸ್ತನಾಗಿ ತಲೆ ನರೆಸಿಕೊಂಡವನು, ಭಾನುವಾರದ ಬಲಿಪೂಜೆ ತಪ್ಪಿಸದವನು, ಅಷ್ಟೆ. ನಮ್ಮಲ್ಲಿಗೆ ಬರುತ್ತಿದ್ದ ಬೆಳೆಗಾರರೊಬ್ಬರು ಒಮ್ಮೆ ಚೀಲದ ಬಾಯಲ್ಲಿ ಒಳ್ಳೆಯ ರಾಶಿ ಅಡಿಕೆ, ತಳದಲ್ಲಿ ಗೊರಬಲು ಎಂಬ ಕಡಿಮೆ ದರ್ಜೆಯ ಅಡಿಕೆ ತುಂಬಿ ತಂದಿದ್ದರು. ಸಿಕ್ಕಿಬಿದ್ದರು, ತಪ್ಪಾಯಿತೆಂದರು, ಮಾಲೀಕರೂ ದೊಡ್ಡದು ಮಾಡಲಿಲ್ಲ. ಆದರೆ ಅಂದಿನಿಂದ ಬೇರೆಯವರ ಚೀಲದಿಂದ ಒಂದು ಬೊಗಸೆ ತೆಗೆದು ನೋಡಿದರೆ, ಅವರ ಚೀಲಗಳನ್ನು ಪೂರ್ತಿ ನೆಲಕ್ಕೆ ಸುರಿಯುತ್ತಿದ್ದರು. ಕೆಲವು ವರ್ಷಗಳ ಮೇಲೆ ಅವರ ಮಗ ಅಡಿಕೆ ತರತೊಡಗಿದಾಗಲೂ ಸುರಿದರು. ಆ ಹುಡುಗ ಯಾರ ಮುಖವನ್ನೂ ನೋಡದೆ ಕುಕ್ಕರುಗಾಲಲ್ಲಿ ಕುಳಿತು, ಚದುರಿದ ಅಡಿಕೆಯನ್ನು ಅಂಗೈಯಿಂದ ಬಳಿದು ಒಟ್ಟುಮಾಡುತ್ತಿದ್ದ. ಅವನು ಮಾಡಿದ ತಪ್ಪಾದರೂ ಏನು?

ಪಾಪನಿವೇದನೆಯಿಂದ ಪಾಪ ಕಳೆಯುತ್ತದೆ. ಕದ್ದದ್ದನ್ನು ಹಿಂದಿರುಗಿಸುವ ಹೊಣೆ ಕಳೆಯುವುದಿಲ್ಲ. ಇದು ನನ್ನ ಸ್ವಂತ ಸಿದ್ಧಾಂತವಲ್ಲ, ಧರ್ಮಸಭೆಯ ಬೋಧನೆ. ನಂಬಿ ಒಪ್ಪಿಸಿದ್ದನ್ನು ನುಂಗಿದವನು ಅದನ್ನು ಪೂರ್ತಿ ಕೊಟ್ಟು, ಮೇಲೆ ಐದನೆಯ ಒಂದು ಪಾಲು ಸೇರಿಸಿ, ಆಮೇಲೆ ಪ್ರಾಯಶ್ಚಿತ್ತದ ಬಲಿ ತರಬೇಕೆಂದು ಬೈಬಲ್‌ನ ಯಾಜಕಕಾಂಡದ 6ನೇ ಅಧ್ಯಾಯ ಹೇಳುತ್ತದೆ. ಸುಂಕದವನಾದ ಜಕ್ಕಾಯನು ಯೇಸುವಿನ ಮುಂದೆ, ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದ. ನಿಮ್ಮ ಪಾಲುದಾರ ಇದುವರೆಗೆ ಎಷ್ಟು ಕೊಟ್ಟಿದ್ದಾನೆ? ನಿಮ್ಮ ಪ್ರಶ್ನೆಯಲ್ಲಿ ಆ ಅಂಕಿಯೇ ಕಾಣಲಿಲ್ಲ.

ದ್ರೋಹವೆಂದರೆ ಎಲ್ಲರಿಗೂ ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನ ನೆನಪು. ನಿಮಗೆ ಹೊಂದುವುದು ಆದಿಕಾಂಡದ ಜೋಸೆಫನ ಕಥೆ. ಅಣ್ಣಂದಿರು ಅವನನ್ನು 20 ಬೆಳ್ಳಿನಾಣ್ಯಕ್ಕೆ ಮಾರಿದರು. ಬರಗಾಲದಲ್ಲಿ ಅವರೇ ಧಾನ್ಯಕ್ಕಾಗಿ ಈಜಿಪ್ಟಿಗೆ ಬಂದಾಗ ಅಲ್ಲಿನ ಅಧಿಕಾರಿ ಅವನೇ. ಕಂಡೊಡನೆ ಅಪ್ಪಿಕೊಂಡನೆ? ಇಲ್ಲ. ಗುರುತು ಬಿಟ್ಟುಕೊಡಲಿಲ್ಲ. ಒಬ್ಬನನ್ನು ಸೆರೆಯಲ್ಲಿಟ್ಟುಕೊಂಡ, ಕಿರಿಯ ತಮ್ಮ ಬೆನ್ಯಾಮೀನನ ಚೀಲದಲ್ಲಿ ಬೆಳ್ಳಿಯ ಪಾತ್ರೆ ಇಡಿಸಿ, ಅವನನ್ನು ಗುಲಾಮನಾಗಿ ಉಳಿಸಿಕೊಳ್ಳುತ್ತೇನೆಂದು ಹೇಳಿ ಪರೀಕ್ಷಿಸಿದ. ಅಂದು ಮಾರೋಣವೆಂದು ಬಾಯಿಬಿಟ್ಟವನು ಅಣ್ಣಂದಿರಲ್ಲೊಬ್ಬನಾದ ಯೆಹೂದ. ಇಂದು ತಮ್ಮನ ಬದಲು ನಾನು ಗುಲಾಮನಾಗುತ್ತೇನೆ ಎಂದವನೂ ಅವನೇ. ಆ ಮಾತು ಕಿವಿಗೆ ಬಿದ್ದ ಮೇಲಷ್ಟೇ ಜೋಸೆಫ್ ಗಟ್ಟಿಯಾಗಿ ಅತ್ತು, ತಾನು ಯಾರೆಂದು ಹೇಳಿದ.

ಕಥೆ ಅಲ್ಲಿಗೇ ಮುಗಿದಿದ್ದರೆ ಸುಖಾಂತ್ಯ. ಆದರೆ ತಂದೆ ಈಜಿಪ್ಟಿನಲ್ಲಿ 17 ವರ್ಷ ಬದುಕಿ ತೀರಿಕೊಂಡಾಗ ಅಣ್ಣಂದಿರಿಗೆ ಮತ್ತೆ ನಡುಕ: ಇನ್ನು ಇವನು ಸೇಡು ತೀರಿಸಿಕೊಂಡರೆ? ಅಷ್ಟು ವರ್ಷ ಅವನ ಅನ್ನ ಉಂಡರೂ ಅವನ ಕ್ಷಮೆಯನ್ನು ನಂಬಲಾಗಲಿಲ್ಲ. ಕ್ಷಮಿಸಬೇಕೆಂದು ಅಪ್ಪ ಹೇಳಿದ್ದರೆಂದು ಹೇಳಿಕಳುಹಿಸಿದರು. ಕೇಳಿ ಜೋಸೆಫ್ ಮತ್ತೊಮ್ಮೆ ಅತ್ತ. ದ್ರೋಹದ ಪರಿಣಾಮಗಳಲ್ಲಿ, ನನ್ನ ಮಟ್ಟಿಗೆ ಬೈಬಲ್‌ನಲ್ಲಿ ಇದಕ್ಕಿಂತ ಕಠಿಣವಾದದ್ದಿಲ್ಲ. ನಿಮ್ಮ ಪಾಲುದಾರ ಲೆಕ್ಕದ ಪುಸ್ತಕಕ್ಕಾಗಿ ಇಷ್ಟು ಹಟ ಹಿಡಿದಿರುವುದೂ ಬಹುಶಃ ಅದೇ ಕಾರಣಕ್ಕೆ. ನೀವು ಕ್ಷಮಿಸಿದ್ದೀರೆಂದು ಅವನಿಗೇ ನಂಬಿಕೆಯಿಲ್ಲ, ಪುರಾವೆ ಬೇಕಾಗಿದೆ.

ಯೂದನ ಕಥೆಯಿಂದ ನಿಮಗೆ ಬೇಕಾದದ್ದು ಒಂದೇ. ಯೇಸುವನ್ನು ಹಿಡಿದುಕೊಡಲು ಪಡೆದ ನಾಣ್ಯಗಳನ್ನು ಅವನು ಹಿಂದೆ ತಂದಾಗ ಯಾಜಕರು ‘ಅದು ನಮಗೇನು, ನೀನೇ ನೋಡಿಕೋ’ ಎಂದರು. ನೀವು ಹಾಗೆನ್ನಬೇಡಿ. ಹಣ ತಂದರೆ ಮನೆಯೊಳಗೆ ಕರೆದು, ಕಾಫಿ ಕೊಟ್ಟು, ಎಣಿಸಿ ತೆಗೆದುಕೊಳ್ಳಿ. ಅವನ ಹೆಂಡತಿ ಮಕ್ಕಳೊಡನೆ ಮಾತು ಬಿಡಬೇಡಿ. ಚರ್ಚಿನ ಅಂಗಳದಲ್ಲಿ ಕಥೆ ಹೇಳಿಕೊಂಡು ತಿರುಗಲೂ ಬೇಡಿ. ಮೊದಲು ಒಬ್ಬರೇ ಹೋಗಿ, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ ಎಂಬುದು ಮತ್ತಾಯ 18ರಲ್ಲಿ ಯೇಸುವೇ ಹೇಳಿದ ಕ್ರಮ.

ಬಾಕಿ ಎಷ್ಟು, ಯಾವ ಕೊಯ್ಲಿಗೆ ಎಷ್ಟು ಎಂದು ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಹಾಕಿ. ಮಂಡಿಯ ಹಣ ಜಂಟಿ ಖಾತೆಗೆ ಬರಲಿ, ತೆಗೆಯಲು ಇಬ್ಬರ ಸಹಿಯೂ ಬೇಕಾಗಿರಲಿ. ಅದಕ್ಕೂ ಅವನು ಒಪ್ಪದಿದ್ದರೆ ಮುಂದಿನ ಚೇಣಿಯನ್ನು ನೀವೊಬ್ಬರೇ ಹಿಡಿಯಿರಿ.