ಸಿಲ್ವರ್ ಕಾರಿಗೆ ಎಷ್ಟು ವ್ಯಾಕ್ಸ್ ಹಾಕಿದರೂ ಯಾಕೆ ಹೊಳೆಯುವುದಿಲ್ಲ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. 2013ರ ಸಿಲ್ವರ್ ಸ್ವಿಫ್ಟ್. ಒಂದೇ ವರ್ಷದಲ್ಲಿ ಮೂರು ಸಲ ವ್ಯಾಕ್ಸ್ ಹಾಕಿದ್ದೀರಿ. ಆದರೂ ಪಕ್ಕದ ಮನೆಯ ಕಪ್ಪು ಕಾರಿನ ಹಾಗೆ ಫಳಫಳ ಅನ್ನುತ್ತಿಲ್ಲ, ಇದಕ್ಕಿಂತ ಒಳ್ಳೆಯ ವ್ಯಾಕ್ಸ್ ಯಾವುದು ಅಂತ ಕೇಳಿದ್ದೀರಿ. ಕೆಲವು ವರ್ಷಗಳ ಹಿಂದೆ ನಾನೂ ಇದನ್ನೇ ಕೇಳಿಕೊಂಡು ಅಂಗಡಿ ಅಂಗಡಿ ಅಲೆದವನು. ನನ್ನದು 2011ರ ವ್ಯಾಗನ್ ಆರ್. ಮಾರುತಿಯವರು ಸಿಲ್ಕಿ ಸಿಲ್ವರ್ ಎಂದು ಹೆಸರಿಟ್ಟಿದ್ದ ಬಣ್ಣ.

ಮೊದಲೇ ಹೇಳಿಬಿಡುತ್ತೇನೆ, ನಾಲ್ಕನೇ ಡಬ್ಬಿ ಕೊಳ್ಳಬೇಡಿ. ದೇವರ ಮನೆಯ ಬೆಳ್ಳಿ ದೀಪಕ್ಕೆ ಜಿಡ್ಡು ಕೂತಿದೆ ಅಂತಿಟ್ಟುಕೊಳ್ಳಿ. ಅದರ ಮೇಲೆ ಇನ್ನಷ್ಟು ಎಣ್ಣೆ ಸವರಿದರೆ ಹೊಳೆಯುತ್ತದಾ? ವಿಭೂತಿ ಹಾಕಿ ತಿಕ್ಕಬೇಕು ಅಲ್ವಾ? ನೀವು ಮಾಡುತ್ತಿರುವುದು ಎಣ್ಣೆ ಸವರುವ ಕೆಲಸ.

ಸಿಲ್ವರ್ ಪೇಂಟಿನಲ್ಲಿ ಅಲ್ಯೂಮಿನಿಯಂನ ಸಣ್ಣ ಸಣ್ಣ ಚಕ್ಕೆಗಳಿರುತ್ತವೆ. ಅದರ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್ ಇರುತ್ತದೆ. ಬೆಳಕು ಈ ಕ್ಲಿಯರ್ ಕೋಟ್ ದಾಟಿ ಒಳಗೆ ಹೋಗಬೇಕು, ಚಕ್ಕೆಗೆ ಬಡಿಯಬೇಕು, ಮತ್ತೆ ಅದೇ ದಾರಿಯಲ್ಲಿ ಹೊರಗೆ ಬರಬೇಕು. ಆಗ ಮಿನುಗು. ಕಪ್ಪು ಬಣ್ಣ ಹಾಗಲ್ಲ. ಒಳಗೆ ಹೋದ ಬೆಳಕನ್ನು ಅದು ನುಂಗಿಬಿಡುತ್ತದೆ. ಮೇಲಿನಿಂದ ತಿರುಗಿ ಬಂದದ್ದಷ್ಟೇ ಕಾಣುವುದರಿಂದ ಕನ್ನಡಿಯ ಹಾಗೆ ಮುಖ ಕಾಣುತ್ತದೆ. ಹಾಗಾಗಿ ಪಕ್ಕದ ಮನೆಯ ಕಾರಿನ ಜೊತೆ ಪೈಪೋಟಿ ಬೇಡ. ನಿಮ್ಮ ಕಾರಿನ ಹೊಳಪು ಒಳಗಿನಿಂದ ಬರುವಂಥದ್ದು. ಮೇಲೆ ಏನೇ ಹಚ್ಚಿದರೂ ಅದು ಹೆಚ್ಚುವುದಿಲ್ಲ. ಬೆಳಕಿನ ದಾರಿಗೆ ಏನು ಅಡ್ಡ ಬಂದಿದೆಯೋ ಅದನ್ನು ತೆಗೆಯಬೇಕು.

ಏನು ಅಡ್ಡ ಬಂದಿದೆ ಅಂತ ನೋಡಲು ಒಂದು ಸುಲಭದ ಪರೀಕ್ಷೆ ಇದೆ. ಕಾರು ತೊಳೆದು ಒರೆಸಿದ ಮೇಲೆ ತೆಳ್ಳಗಿನ ಪ್ಲಾಸ್ಟಿಕ್ ಕವರಿನೊಳಗೆ ಕೈ ಹಾಕಿ ಬಾನೆಟ್ ಮೇಲೆ ಮೆಲ್ಲಗೆ ಸವರಿ. ಬರಿಗೈಗೆ ನುಣುಪು ಅನಿಸಿದ ಜಾಗವೇ ಕವರಿನೊಳಗಿಂದ ಚಿರೋಟಿ ರವೆ ಚೆಲ್ಲಿದ ಹಾಗೆ ತರಿತರಿಯಾಗಿ ಸಿಗುತ್ತದೆ. ತೊಳೆದರೆ ಹೋಗದೆ ಪೇಂಟಿಗೆ ಅಂಟಿಕೊಂಡಿರುವ ಕೊಳೆ ಅದು. ನಿಮ್ಮ ಮೂರು ವ್ಯಾಕ್ಸೂ ಅದರ ಮೇಲೆಯೇ ಕೂತಿವೆ.

ನಮ್ಮ ಮನೆ ರೈಲ್ವೆ ಹಳಿಯ ಪಕ್ಕದಲ್ಲಿದೆ. ಒಂದು ದಿನ ಡಿಕ್ಕಿಯ ಬಾಗಿಲಿನ ಮೇಲೆ ಕಿತ್ತಳೆ ಬಣ್ಣದ ಚುಕ್ಕೆಗಳು ಕಂಡವು, ಸಾಸಿವೆಗಿಂತ ಚಿಕ್ಕವು. ಕಾರಿಗೆ ತುಕ್ಕು ಹಿಡಿಯಿತು ಅಂತ ಎದೆ ಧಸಕ್ಕೆಂದಿತು. ಪೇಂಟ್ ಅಂಗಡಿಯವರೊಬ್ಬರು ಬಾಗಿಲು ಪೂರ್ತಿ ಹೊಸದಾಗಿ ಪೇಂಟ್ ಮಾಡಿಸಬೇಕು ಎಂದರು. ಮಾಡಿಸಲಿಲ್ಲ, ಪುಣ್ಯಕ್ಕೆ. ಅದು ತಗಡಿನ ತುಕ್ಕಲ್ಲ. ಹಳಿ, ಚಕ್ರ, ಬ್ರೇಕ್ ಉಜ್ಜಿ ಏಳುವ ಕಬ್ಬಿಣದ ಪುಡಿ ಗಾಳಿಯಲ್ಲಿ ಬಂದು ಕ್ಲಿಯರ್ ಕೋಟಿನಲ್ಲಿ ನಾಟಿಕೊಂಡು, ಅಲ್ಲೇ ತುಕ್ಕು ಹಿಡಿದಿರುತ್ತದೆ. ಹಳಿ ಹತ್ತಿರವಿಲ್ಲದ ಕಾರಿಗೂ ರಸ್ತೆಯ ಬ್ರೇಕ್ ಪುಡಿ ತಪ್ಪಿದ್ದಲ್ಲ. ಸಿಲ್ವರ್ ಮತ್ತು ಬಿಳಿ ಬಣ್ಣದ ಮೇಲೆ ಕಾಣುತ್ತದೆ, ಬೇರೆಯವುಗಳ ಮೇಲೆ ಅಡಗಿಕೊಳ್ಳುತ್ತದೆ, ಅಷ್ಟೇ ವ್ಯತ್ಯಾಸ.

ಅದಕ್ಕೆ ಐರನ್ ರಿಮೂವರ್ ಅಂತಲೇ ಸಿಗುತ್ತದೆ. ನೆರಳಿನಲ್ಲಿ, ತಣ್ಣಗಿರುವ ಪೇಂಟಿನ ಮೇಲೆ ಸ್ಪ್ರೇ ಮಾಡಬೇಕು. ಕಬ್ಬಿಣ ಸಿಕ್ಕ ಕಡೆಯೆಲ್ಲ ನೇರಳೆ ಬಣ್ಣಕ್ಕೆ ತಿರುಗಿ ಇಳಿಯುತ್ತದೆ. ನನ್ನ ಕಾರಿನಿಂದ ನೇರಳೆ ಹಣ್ಣಿನ ರಸ ಇಳಿದ ಹಾಗೆ ಇಳಿಯುವುದನ್ನು ನೋಡಿ ಅಮ್ಮ, "ಅಯ್ಯೋ, ಏನೋ ಮಾಡಿದೆ?" ಅಂತ ಓಡಿ ಬಂದರು. ವಾಸನೆ ಮಾತ್ರ ಕೊಳೆತ ಮೊಟ್ಟೆಯದ್ದು. ಒಣಗಲು ಬಿಡಬೇಡಿ, ಕೆಲವೇ ನಿಮಿಷದಲ್ಲಿ ಚೆನ್ನಾಗಿ ತೊಳೆದುಬಿಡಿ. ಆಮೇಲೂ ಉಳಿದ ತರಿಗೆ ಕ್ಲೇ ಬಾರ್. ಮಕ್ಕಳು ಆಡುವ ಜೇಡಿಮಣ್ಣಿನ ಹಾಗೆ ಮೆತ್ತಗಿರುತ್ತದೆ. ಕಾರ್ ಶಾಂಪೂ ನೀರು ಧಾರಾಳವಾಗಿ ಹಾಕಿಕೊಂಡು, ಒತ್ತದೆ ಜಾರಿಸಬೇಕು. ಕೈ ತಪ್ಪಿ ನೆಲಕ್ಕೆ ಬಿದ್ದರೆ ಆ ತುಂಡನ್ನು ಎಸೆದುಬಿಡಿ. ಅದರಲ್ಲಿ ಸೇರಿದ ಒಂದು ಮರಳು ಕಾಳು ಸಾಕು ಗೀರು ಎಳೆಯಲು.

ನಂಬಿ, ನನ್ನ ಕಾರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೊಳಪು ವಾಪಸ್ ಬಂದದ್ದು ಈ ಹಂತದಲ್ಲೇ. ಅಲ್ಲಿಯವರೆಗೆ ಪಾಲಿಶ್ ಡಬ್ಬಿ ತೆರೆದೇ ಇರಲಿಲ್ಲ.

ಇನ್ನು ಪಾಲಿಶ್. ವ್ಯಾಕ್ಸ್ ಬೇರೆ, ಪಾಲಿಶ್ ಬೇರೆ. ಪಾಲಿಶ್ ಅಂದರೆ ಬಹಳ ನಯವಾದ ಉಜ್ಜುವ ಪುಡಿ. ಗೀರು ಬಿದ್ದ ಕ್ಲಿಯರ್ ಕೋಟನ್ನು ಒಂದೆರಡು ಮೈಕ್ರಾನ್ ಸವೆಸಿ ಸಮ ಮಾಡುತ್ತದೆ. ಕ್ಲಿಯರ್ ಕೋಟ್ ಇರುವುದೇ ಸುಮಾರು 35ರಿಂದ 50 ಮೈಕ್ರಾನ್, ನಮ್ಮ ತಲೆಗೂದಲಿಗಿಂತ ತೆಳು. ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಹಾಗಾಗಿ ರಬ್ಬಿಂಗ್ ಕಾಂಪೌಂಡ್ ಮುಟ್ಟಬೇಡಿ, ಅದು ತೀರಾ ಒರಟು. ನಾನು ಮುಟ್ಟಿದ್ದೆ. ಡ್ರೈವರ್ ಬಾಗಿಲಿನ ಅಂಚಿನಲ್ಲಿ ಉತ್ಸಾಹದಿಂದ ತಿಕ್ಕಿ ತಿಕ್ಕಿ ಕ್ಲಿಯರ್ ಕೋಟ್ ಹಾರಿಸಿದ್ದೇನೆ. ಅಂಚುಗಳಲ್ಲಿ ಪೇಂಟ್ ತೆಳ್ಳಗಿರುತ್ತದೆ ಅನ್ನುವುದು ಆಮೇಲೆ ಗೊತ್ತಾಯಿತು. ಆ ಮಂಕು ಪಟ್ಟಿ ಇವತ್ತಿಗೂ ಹಾಗೇ ಇದೆ.

ಫಿನಿಶಿಂಗ್ ಪಾಲಿಶ್ ಅಂತ ಕೇಳಿ ತನ್ನಿ. ಸಿಲ್ವರ್ ಕಾರಿಗೆ ಮೆಷಿನ್ ಇಲ್ಲದಿದ್ದರೂ ನಡೆಯುತ್ತದೆ. ಸಣ್ಣ ಗೀರುಗಳನ್ನು ಈ ಬಣ್ಣದಷ್ಟು ಮುಚ್ಚಿಡುವ ಬಣ್ಣ ಮತ್ತೊಂದಿಲ್ಲ, ಅದೇ ನಮ್ಮ ಅದೃಷ್ಟ. ಫೋಮ್ ಪ್ಯಾಡ್ ಮೇಲೆ ನಾಲ್ಕು ಹನಿ, ಒಂದು ಸಲಕ್ಕೆ ದಿನಪತ್ರಿಕೆಯ ಒಂದು ಪುಟದಷ್ಟು ಜಾಗ. ಪ್ಯಾಡ್ ಬೂದು ಬಣ್ಣಕ್ಕೆ ತಿರುಗುತ್ತಿದ್ದರೆ ತಕ್ಷಣ ನಿಲ್ಲಿಸಿ. ಕಾರು ಶುದ್ಧವಾಗಿದ್ದೂ ಹಾಗಾದರೆ ಕ್ಲಿಯರ್ ಕೋಟ್ ಮುಗಿದು ಕೆಳಗಿನ ಬಣ್ಣ ಏಳುತ್ತಿದೆ ಅಂತ ಅರ್ಥ. ರೂಫ್ ಮೇಲೆ ಬಿಸಿಲಿಗೆ ಸುಲಿದ ಚರ್ಮದ ಹಾಗೆ ಬಿಳಿ ಪೊರೆ ಎದ್ದಿದ್ದರೂ ಅಷ್ಟೇ. ಅಲ್ಲಿ ಯಾವ ಪಾಲಿಶೂ ಕೆಲಸ ಮಾಡುವುದಿಲ್ಲ, ಪೇಂಟ್ ಮಾಡಿಸುವುದೊಂದೇ ದಾರಿ. ಬಂಪರ್ ಮಾತ್ರ ಬೇರೆ ಶೇಡ್ ಕಾಣುತ್ತಿದ್ದರೆ ಅದಕ್ಕೂ ಪಾಲಿಶ್ ಮದ್ದಲ್ಲ. ಸ್ಪ್ರೇ ಮಾಡುವಾಗ ಚಕ್ಕೆಗಳು ಬೇರೆ ಓರೆಯಲ್ಲಿ ಕೂತರೆ ಅದೇ ಬಣ್ಣ ಬೇರೆಯಾಗಿ ಕಾಣುತ್ತದೆ. ಇದು ಸಿಲ್ವರಿನ ಹಣೆಬರಹ.

ಈಗ ನೀವು ಕೇಳಿದ ವ್ಯಾಕ್ಸಿನ ವಿಷಯ. ಡಬ್ಬಿಯ ಮೇಲೆ ಕಾರ್ನೌಬಾ ಅಂತ ದೊಡ್ಡದಾಗಿ ಬರೆದಿರುತ್ತದಲ್ಲ, ಅದು ಬ್ರೆಜಿಲಿನ ಒಂದು ತಾಳೆ ಜಾತಿಯ ಮರದ ಎಲೆಯಿಂದ ಬರುವ ಮೇಣ. ಅಪ್ಪಟ ಕಾರ್ನೌಬಾ ಕಲ್ಲಿನ ಹಾಗೆ ಗಟ್ಟಿ, ಕರಗಲು 80 ಡಿಗ್ರಿ ದಾಟಬೇಕು. ಅದಕ್ಕೇ ಎಣ್ಣೆ, ದ್ರಾವಕ ಬೆರೆಸಿ ಮೆತ್ತಗೆ ಮಾಡಿರುತ್ತಾರೆ. "100%" ಅಂತ ಬರೆದಿದ್ದರೂ ಡಬ್ಬಿ ತುಂಬ ಅದೇ ಇರುತ್ತದೆ ಅಂತಲ್ಲ. ಅದು ಕೊಡುವುದು ಒಂದು ಬೆಚ್ಚನೆಯ, ಒದ್ದೆ ಒದ್ದೆ ಕಳೆ. ಕೆಂಪು, ಕಪ್ಪು, ಕಡು ನೀಲಿಗೆ ಚೆಂದ. ಸಿಲ್ವರ್ ಮೇಲೆ ಆ ಕಳೆ ಕಾಣುವುದೇ ಇಲ್ಲ. ನಮ್ಮ ಬಿಸಿಲು ಮಳೆಗೆ ಒಂದೆರಡು ತಿಂಗಳಲ್ಲಿ ಹೋಗಿಯೂ ಬಿಡುತ್ತದೆ. ಸಿಲ್ವರಿಗೆ ಹೊಂದುವುದು ಸೀಲೆಂಟ್, ಅಂದರೆ ಪಾಲಿಮರಿನ ಲೇಪ. ಇದರ ಹೊಳಪು ಗಾಜಿನ ಹಾಗೆ ಚೂಪು, ಒಂದು ಥರ ತಣ್ಣಗಿನದು. ಚಕ್ಕೆಗಳು ಎದ್ದು ಕಾಣುತ್ತವೆ. ನನ್ನ ಕಾರಿನಲ್ಲಿ ನಾಲ್ಕೈದು ತಿಂಗಳು ಸಲೀಸಾಗಿ ನಿಲ್ಲುತ್ತದೆ.

ಸೀಲೆಂಟ್ ಹಾಕುವ ಮೊದಲು ಪಾಲಿಶಿನ ಜಿಡ್ಡು ಹೋಗಬೇಕು. ಐಸೊಪ್ರೊಪೈಲ್ ಆಲ್ಕೋಹಾಲಿಗೆ ನೀರು ಬೆರೆಸಿ ಒರೆಸಿ. ಆಮೇಲೆ ಕಂಡೂ ಕಾಣದಷ್ಟು ತೆಳ್ಳಗೆ ಹಚ್ಚಿ. ದಪ್ಪ ಹಾಕಿದರೆ ಹೊಳಪು ಹೆಚ್ಚುವುದಿಲ್ಲ, ಒರೆಸಲು ಕೈ ನೋವು ಬರುತ್ತದೆ ಅಷ್ಟೇ. ಆಮೇಲೆ ಒಂದು ರಾತ್ರಿ ನೀರು, ಇಬ್ಬನಿ ತಾಗದ ಹಾಗೆ ನಿಲ್ಲಿಸಿ. ಮನೆಯಲ್ಲಿ ವ್ಯಾಕ್ಸ್ ಉಳಿದಿದ್ದರೆ ಮರುದಿನ ಅದರ ಮೇಲೆ ಹಾಕಬಹುದು. ಆದರೆ ವ್ಯಾಕ್ಸ್ ಮೇಲೆ ಸೀಲೆಂಟ್ ಹಾಕಬೇಡಿ, ಹಿಡಿಯುವುದಿಲ್ಲ. ಸೆರಾಮಿಕ್ ಕೋಟಿಂಗ್, ಅಂದರೆ ಪೇಂಟಿನ ಮೇಲೆ ಗಟ್ಟಿಯಾಗಿ ಕೂರುವ ದುಬಾರಿ ಲೇಪ, ಮಾಡಿಸಲೇ ಅಂತ ಕೂಡ ಕೇಳಿದ್ದೀರಿ. ಹತ್ತು ವರ್ಷ ದಾಟಿದ ಕಾರಿಗೆ ಆ ದುಡ್ಡು ದಂಡ ಅನ್ನುವುದು ನನ್ನ ಅನಿಸಿಕೆ.

ಯಾರೂ ಹೇಳದ ಇನ್ನೊಂದು ಮಾತು. ಸಿಲ್ವರ್ ಕಾರು ಮಂಕಾಗಿ ಕಾಣಲು ಅರ್ಧ ಕಾರಣ ಅದರ ಸುತ್ತಲಿನ ಕಪ್ಪು ಪ್ಲಾಸ್ಟಿಕ್ ಬೂದಿ ಬಣ್ಣಕ್ಕೆ ತಿರುಗಿರುವುದು. ವೈಪರ್ ಕೆಳಗಿನ ಪಟ್ಟಿ, ಬಾಗಿಲಿನ ರಬ್ಬರು, ಟೈರು, ಇವಕ್ಕೆ ಟ್ರಿಮ್ ಡ್ರೆಸ್ಸಿಂಗ್, ಅಂದರೆ ಪ್ಲಾಸ್ಟಿಕ್ಕು ರಬ್ಬರಿಗೆ ಕಪ್ಪು ಕಳೆ ವಾಪಸ್ ತರುವ ದ್ರವ, ಹಚ್ಚಿ ನೋಡಿ. ಪಕ್ಕದಲ್ಲಿ ಕಪ್ಪು ಕಪ್ಪಾಗಿದ್ದರೆ ಬೆಳ್ಳಿ ಬೆಳ್ಳಿಯಾಗಿ ಕಾಣುತ್ತದೆ. ಹತ್ತು ನಿಮಿಷದ ಕೆಲಸ.

ಕಾರು ದಿನಾ ಒರೆಸಲು ತಿಂಗಳಿಗಿಷ್ಟು ಅಂತ ಹುಡುಗನಿಗೆ ಕೊಡುತ್ತೀರಿ ಅಂತ ಬರೆದಿದ್ದೀರಿ. ಅವನ ತಪ್ಪೇನಿಲ್ಲ, ಆದರೆ ಒಂದೇ ಬಕೆಟ್ಟು, ಒಂದೇ ಬಟ್ಟೆಯಲ್ಲಿ ಇಪ್ಪತ್ತು ಕಾರು ಒರೆಸಿದರೆ ಹತ್ತೊಂಬತ್ತು ಕಾರಿನ ಮಣ್ಣು ನಿಮ್ಮದಕ್ಕೆ ಉಜ್ಜಿದ ಹಾಗೆ. ಅದನ್ನು ನಿಲ್ಲಿಸಿ, ವಾರಕ್ಕೊಮ್ಮೆ ನೀವೇ ತೊಳೆಯಿರಿ. ನೀರಿನ ಚಿಂತೆ ನಿಜ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ಗಾಡಿ ತೊಳೆದರೆ 5,000 ರೂಪಾಯಿ ದಂಡ ಅಂದಾಗಿನಿಂದ ನಾನು ರಿನ್ಸ್‌ಲೆಸ್ ವಾಷ್‌ಗೆ ಬದಲಾದೆ, ಅಂದರೆ ಒರೆಸಿದ ಮೇಲೆ ಮತ್ತೆ ನೀರು ಸುರಿದು ತೊಳೆಯಬೇಕಿಲ್ಲದ ದ್ರಾವಣ. ಒಂದೇ ಬಕೆಟ್ ನೀರು ಸಾಕು. ಬೋರ್‌ವೆಲ್ ನೀರಾದರೆ ಬಿಸಿಲಿಗೆ ಒಣಗಲು ಬಿಡಬೇಡಿ, ಸುಣ್ಣದ ಕಲೆ ಕೂರುತ್ತದೆ. ಕೂತಿದ್ದರೆ ವಿನೆಗರಿಗೆ ಅಷ್ಟೇ ನೀರು ಸೇರಿಸಿ ಒರೆಸಿ ತೊಳೆಯಿರಿ. ಹೊಸ ಕಲೆಯಾದರೆ ಹೋಗುತ್ತದೆ.

ಯಾವಾಗ ಮಾಡಲಿ ಅಂದರೆ, ಮಳೆ ಕಡಿಮೆಯಾದ ಮೇಲೆ, ಆಯುಧಪೂಜೆಗೆ ಎರಡು ವಾರ ಮೊದಲು. ಇದು ಶಾಸ್ತ್ರಕ್ಕಲ್ಲ. ಪೂಜೆಯ ದಿನ ಬಾನೆಟ್ ಮೇಲೆ ಅರಿಸಿನ, ಕುಂಕುಮ, ಗಂಧ ಬಳಿಯುತ್ತೇವೆ. ಮರುದಿನ ಒಣ ಬಟ್ಟೆಯಲ್ಲಿ ಉಜ್ಜಿ ತೆಗೆಯುತ್ತೇವೆ, ಗೀರು ಬೀಳುವುದೇ ಆವಾಗ. ಕೆಳಗೆ ಸೀಲೆಂಟ್ ಇದ್ದರೆ ಒಂದು ಚೊಂಬು ನೀರು ಸುರಿದರೆ ಬಹುಪಾಲು ಇಳಿದು ಹೋಗುತ್ತದೆ. ಹೋದ ವರ್ಷ ಅಮ್ಮ ಇಟ್ಟ ಕುಂಕುಮ ಅಷ್ಟು ಸಲೀಸಾಗಿ ಹೋದದ್ದು ಕಂಡು ಅವರಿಗೆ ಸ್ವಲ್ಪ ಬೇಸರವೇ ಆಯಿತು.